ಓ ಎಂಬ ಸೊನ್ನೆ

ನಾನು ಓದು ನಿಲ್ಲಿಸಿದ್ದು ೧೯೮೬ರಲ್ಲಿ, ಏಳನೆಯ ಇಯತ್ತೆ ಪಾಸಾದ ಮೇಲೆ. ಪಾಸಾದ ಮೇಲೆ ಎಂಬುದನ್ನು ಓದುಗರು ದಯವಿಟ್ಟು ಗಮನಿಸಬೇಕು. ನಪಾಸಾಗಿ ಶಾಲೆ ಬಿಡುವವರು ಬೇರೆ, ಇಷ್ಟು ಸಾಕು ಎಂದು ಬಿಡುವವರು ಬೇರೆ. ನಮ್ಮದು ಗದಗ ಸೀಮೆಯ ಹತ್ತಿ ಹಿಂಜುವ ಮನೆತನ. ಗಾದಿ, ತಲೆದಿಂಬು ತುಂಬುವುದು ಕಸುಬು. ಅಪ್ಪನ ಎರಡು ಕೈಗೆ ಇನ್ನೆರಡು ಕೈ ಬೇಕಾಗಿದ್ದವು, ನನ್ನವು ಖಾಲಿ ಇದ್ದವು. ಅಲ್ಲಿಂದ ಮುಂದೆ ಕಲಿತದ್ದೆಲ್ಲ ನೋಡಿ ಕಲಿತದ್ದು, ಕೇಳಿ ಕಲಿತದ್ದು, ಸೂಜಿ ಚುಚ್ಚಿಸಿಕೊಂಡು ಕಲಿತದ್ದು. ಹತ್ತಿಯಿಂದ ಫೋಮಿಗೆ, ಗಾದಿಯಿಂದ ಸೋಫಾಕ್ಕೆ, ಗದಗದಿಂದ ಮಲೇಷ್ಯಾಕ್ಕೆ ಬಂದೆ. ಪುಚೊಂಗ್‌ನಲ್ಲಿ ಸೋಫಾ ರಿಪೇರಿಯ ಸ್ವಂತ ಅಂಗಡಿ ಇಟ್ಟೆ. ಬಾಂಗ್ಸಾರಿನ ದೊಡ್ಡ ಮನೆಗಳಿಗೆ ಹೋದರೆ ಸೋಫಾದ ತಗ್ಗು ನೋಡಿಯೇ ಆ ಮನೆಯಲ್ಲಿ ಯಾರು ಹೆಚ್ಚು ಟಿವಿ ನೋಡುತ್ತಾರೆಂದು ಹೇಳಬಲ್ಲೆ. ಹೇಳುವುದಿಲ್ಲ, ಗಿರಾಕಿ ಹೋಗುತ್ತಾರೆ. ಮಲಯ್ ಭಾಷೆಯನ್ನೂ ತಮಿಳನ್ನೂ ಹೀಗೇ ಕಿವಿಯಿಂದ ಹಿಡಿದೆ. ಕಿವಿಯಿಂದ ಕಲಿಯುವುದರಲ್ಲಿ ಒಂದೇ ತೊಂದರೆ. ಅದು ಸರಿಯಾದದ್ದನ್ನು ಎಷ್ಟು ಗಟ್ಟಿಯಾಗಿ ಕಲಿಸುತ್ತದೋ, ತಪ್ಪನ್ನೂ ಅಷ್ಟೇ ಗಟ್ಟಿಯಾಗಿ ಕಲಿಸುತ್ತದೆ.

ಕೊರೊನಾ ಬಂದ ವರ್ಷ ಊರೆಲ್ಲ ಜ್ವರ ನೋಡಿಸಿಕೊಳ್ಳುತ್ತಿದ್ದಾಗ ನನಗೆ ಸಿಕ್ಕಿದ್ದು ಸಕ್ಕರೆ. ಮೊದಲ ಲಾಕ್‌ಡೌನ್ ಸಡಿಲವಾದ ಮೇಲೆ, ಹೆಂಡತಿ ಹಸೀನಾಳ ಒತ್ತಾಯಕ್ಕೆ ನಮ್ಮ ಕಾಂಡೊಮಿನಿಯಮ್ಮಿನ ಕೆಳಗಿನ ಕ್ಲಿನಿಕ್ಕಿನಲ್ಲಿ ರಕ್ತ ಕೊಟ್ಟೆ. ಅಲ್ಲಿನ ಡಾಕ್ಟರಮ್ಮ ತಮಿಳರು, ಮೆಲು ಮಾತಿನವರು. ಮೆಲು ಮಾತಿನ ಡಾಕ್ಟರುಗಳನ್ನು ಕಂಡರೆ ನನಗೆ ಹೆದರಿಕೆ. ಬೈಯುವವರ ಹತ್ತಿರ ವಾದ ಮಾಡಬಹುದು. ಆಕೆ ಕಾಗದ ನೋಡಿ, "ಅಂಕಲ್, ಸಕ್ಕರೆ ಗಡಿ ದಾಟಿದೆ. ಊಟ ತಿಂಡಿ ನೀವೇ ನೋಡಿಕೊಂಡು ಇಳಿಸಿದರೆ ಸರಿ. ಇಲ್ಲದಿದ್ದರೆ ಮಾತ್ರೆ ಶುರು ಮಾಡಬೇಕು. ಮಾತ್ರೆಯೂ ಇದ್ದು ಸಕ್ಕರೆಯೂ ಹೀಗೆ ಕುಣಿಯುತ್ತಿದ್ದರೆ, ಮುಂದಿನ ರಂಜಾನಿನಲ್ಲಿ ಉಪವಾಸ ಹಿಡಿಯಿರಿ ಅಂತ ನಾನಂತೂ ಹೇಳಲಾರೆ" ಎಂದರು.

ಮಾತ್ರೆಯ ಮಾತು ನನಗೆ ತಾಗಲಿಲ್ಲ. ಉಪವಾಸದ ಮಾತು ತಾಗಿತು. ಮೀಸೆ ಮೂಡುವ ಮೊದಲು ಹಿಡಿದ ಉಪವಾಸವನ್ನು ನಾನು ಒಂದು ವರ್ಷವೂ ತಪ್ಪಿಸಿದವನಲ್ಲ. ಗದಗಿನ ಏಪ್ರಿಲ್ ಬಿಸಿಲಲ್ಲಿ ಹತ್ತಿಯ ಧೂಳು ಗಂಟಲಿಗಿಳಿಯುತ್ತಿದ್ದಾಗಲೂ ಹಿಡಿದಿದ್ದೆ. ಇಲ್ಲಿ ಎರಡು ಸೀಟಿನ ಸೋಫಾವನ್ನು ಲಿಫ್ಟಿಲ್ಲದ ನಾಲ್ಕನೇ ಮಹಡಿಗೆ ಹೊರುತ್ತಲೂ ಹಿಡಿದಿದ್ದೆ. ಈಗ ಚಮಚದಲ್ಲಿ ಅಳೆಯುವ ಸಕ್ಕರೆ ನನ್ನನ್ನು ತಡೆಯುವುದೇ? ಮನೆಯಲ್ಲಿ ಹಸೀನಾ, "ಆರಾಮಿಲ್ಲದವರಿಗೆ ದೇವರೇ ರಿಯಾಯಿತಿ ಕೊಟ್ಟಾನ್ರೀ. ನಿಮಗ್ಯಾಕ ಅಷ್ಟು ಹಠ?" ಎಂದಳು. ರಿಯಾಯಿತಿ ಆರಾಮಿಲ್ಲದವರಿಗೆ, ನಾನು ಆರಾಮಾಗಿಯೇ ಇದ್ದೇನೆ ಎಂದೆ. "ಅದನ್ನ ನನಗ ಹೇಳಬ್ಯಾಡ್ರಿ, ಆ ಕಾಗದಕ್ಕ ಹೇಳ್ರಿ" ಎಂದು ಅಡುಗೆಮನೆಗೆ ಹೋದಳು.

ನನ್ನ ಸಕ್ಕರೆ ಎಲ್ಲಿಂದ ಬರುತ್ತದೆಂಬುದು ನನಗೆ ಗೊತ್ತಿತ್ತು. ಅಂಗಡಿಯ ಪಕ್ಕದಲ್ಲೇ ಒಂದು ಮಾಮಾಕ್ ಇದೆ. ಮಾಮಾಕ್ ಅಂದರೆ ತಮಿಳು ಮುಸಲ್ಮಾನರ ಚಹಾ, ಪರಾಟಾದ ಹೋಟೆಲು. ಅಲ್ಲಿ ಡಬ್ಬಿಯ ಸಿಹಿ ಹಾಲು ಸುರಿದು, ಚಹಾವನ್ನು ಒಂದು ಮಗ್ಗಿನಿಂದ ಇನ್ನೊಂದಕ್ಕೆ ಮಾರುದ್ದ ಎಳೆದು ನೊರೆ ಬರಿಸಿ ಕೊಡುತ್ತಾರೆ. ಅದನ್ನು ನಾನು ಇಷ್ಟು ವರ್ಷ ತಪ್ಪದೆ ಕುಡಿದಿದ್ದೆ. ಆ ದಿನದಿಂದ ಬಿಟ್ಟೆ. ಬಿಟ್ಟು, ಬಹಳ ಯೋಚಿಸಿ, 'ತೇ ಓ' ಹಿಡಿದೆ.

ಈ ಯೋಚನೆಯನ್ನು ಸ್ವಲ್ಪ ವಿವರಿಸಬೇಕು. ತೇ ಅಂದರೆ ಚಹಾ. ಓ ಅಂದರೆ ಏನೆಂದು ಯಾರೂ ನನಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಕೇಳುವುದೇನಿದೆ? ಇಂಗ್ಲಿಷಿನ ಓ ಅಕ್ಷರ ನೋಡಿದರೆ ಗುಂಡಗಿದೆ. ಗುಂಡಗಿರುವುದು ಸೊನ್ನೆ. ಪಕ್ಕದ ಟೇಬಲ್ಲಿನ ಸಣಕಲು ಜನರೆಲ್ಲ ಅದನ್ನೇ ಕುಡಿಯುತ್ತಿದ್ದರು. ಹಾಗಾಗಿ ಓ ಅಂದರೆ ಸಕ್ಕರೆ ಸೊನ್ನೆ ಎಂದು ತೀರ್ಮಾನಿಸಿದೆ. ಮೊದಲ ಗುಟುಕಿಗೇ ಮುಖ ಹುಳ್ಳಗಾಯಿತು. ಹಾಲಿಲ್ಲದ ಕಪ್ಪು ಚಹಾ, ಒಗರು ಒಗರು. ಬಾಯಿಗೆ ಇಷ್ಟು ಶಿಕ್ಷೆ ಕೊಡುವ ವಸ್ತು ಮೈಗೆ ಒಳ್ಳೆಯದೇ ಇರಬೇಕೆಂದು ನಂಬಿಕೆ ಗಟ್ಟಿಯಾಯಿತು. ಡಬ್ಬಿಯ ಸಿಹಿ ಹಾಲಿಗೆ ಒಗ್ಗಿಹೋಗಿದ್ದ ನಾಲಿಗೆಯ ತುದಿಗೆ ಒಂಚೂರು ಸಿಹಿ ಹತ್ತುತ್ತಿತ್ತು, ಸುಳ್ಳು ಹೇಳುವುದಿಲ್ಲ. ಅದು ಇಲ್ಲಿ ಚಹಾ ಬೆಳೆಯುವ ಕ್ಯಾಮರನ್ ಬೆಟ್ಟದ ಎಲೆಯ ಗುಣ ಎಂದುಕೊಂಡೆ. ಒಮ್ಮೆ ಸೊನ್ನೆ ಎಂದು ಗೊತ್ತಾದ ಮೇಲೆ ಎಷ್ಟು ಕುಡಿದರೇನು? ಮೊದಲು ದಿನಕ್ಕೆ ಎರಡು ಲೋಟ ಕುಡಿಯುತ್ತಿದ್ದವನು ಐದಕ್ಕೆ ಏರಿದೆ. ಸೊನ್ನೆಯನ್ನು ಐದರಿಂದ ಗುಣಿಸಿದರೂ ಸೊನ್ನೆ. ಈ ಲೆಕ್ಕ ಏಳನೆಯ ಇಯತ್ತೆಯೊಳಗೇ ಮುಗಿದಿತ್ತು.

ಒಳ್ಳೆಯದನ್ನು ಕಂಡುಕೊಂಡವನು ಸುಮ್ಮನಿರಬಾರದು. ನಮ್ಮ ಮಹಡಿಯಲ್ಲೇ ಜಾವೀದ್ ಇದ್ದಾನೆ, ದಾವಣಗೆರೆಯವನು, ಪೆಟಾಲಿಂಗ್ ಜಯಾದ ಒಂದು ಕಂಪನಿಯಲ್ಲಿ ಇಂಜಿನಿಯರು. ಅವನ ಹೊಟ್ಟೆಯೂ ವರ್ಕ್ ಫ್ರಂ ಹೋಮ್ ಶುರುವಾದ ಮೇಲೆ ಮುಂದೆ ಬಂದಿತ್ತು. "ಏನಪ್ಪಾ, ಸಕ್ಕರೆ ವಿಷ. ತೇ ಓ ಕುಡಿ" ಎಂದೆ. "ಓ ಅಂದ್ರೇನ್ ಮೌಲಣ್ಣ?" ಎಂದು ಕೇಳಿದ. "ಇಂಜಿನಿಯರ್ ಆಗಿ ಸೊನ್ನೆ ಗೊತ್ತಿಲ್ಲೇನು?" ಎಂದೆ. ಅವನು ನಾಚಿಕೊಂಡು ಅದನ್ನೇ ಹಿಡಿದ. ಇಬ್ಬರೂ ಸಂಜೆ ಮಾಸ್ಕನ್ನು ಗದ್ದಕ್ಕೆ ಇಳಿಸಿ, ಎದುರಿನ ಟೇಬಲ್ಲಿನಲ್ಲಿ ಹಾಲಿನ ಚಹಾ ಕುಡಿಯುವವರನ್ನು ಕನಿಕರದಿಂದ ನೋಡುತ್ತಿದ್ದೆವು.

ವರ್ಷದ ಕೊನೆಗೆ ಮತ್ತೆ ರಕ್ತ ಕೊಟ್ಟೆ. ಬಹುಮಾನ ತೆಗೆದುಕೊಳ್ಳಲು ಹೋದವನ ಹಾಗೆ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿದ್ದೆ. ಡಾಕ್ಟರಮ್ಮ ಕಾಗದವನ್ನು ಎರಡು ಸಲ ನೋಡಿದರು. ಸಕ್ಕರೆ ಇಳಿದಿರಲಿಲ್ಲ, ಏರಿತ್ತು. "ಚಹಾಕ್ಕೆ ಸಕ್ಕರೆ ಹಾಕಿಕೊಳ್ತೀರಾ ಅಂಕಲ್?" ಎಂದರು. "ಇಲ್ಲವೇ ಇಲ್ಲ, ಪೂರ್ತಿ ಸೊನ್ನೆ" ಎಂದೆ. ಅವರು ನನ್ನನ್ನೇ ನೋಡಿದರು. ಸುಳ್ಳು ಹೇಳುತ್ತಿದ್ದಾನೆ ಎಂದುಕೊಂಡಿರಬೇಕು. ಆದರೂ ಅದೇ ಮೆಲು ದನಿಯಲ್ಲಿ, "ರಂಜಾನಿಗೆ ಇನ್ನು ಮೂರು ತಿಂಗಳು ಚಿಲ್ಲರೆ ಇದೆ. ಅದಕ್ಕೆ ಮೊದಲು ಇನ್ನೊಂದು ಸಲ ನೋಡುವ. ಆಗಲೂ ಹೀಗೇ ಇದ್ದರೆ ಮಾತ್ರೆ, ಉಪವಾಸ ಬೇಡ" ಎಂದರು. ಅಲ್ಲಿಂದ ನೇರ ಮಾಮಾಕ್‌ಗೆ ಹೋಗಿ ನಾನು ಮೂರು ಲೋಟ ತೇ ಓ ಕುಡಿದು ಸಮಾಧಾನ ಮಾಡಿಕೊಂಡೆ.

ಹೊಸ ವರ್ಷ ಬಂದದ್ದೇ ಮತ್ತೆ ಬಂದ್. ಹೋಟೆಲುಗಳಲ್ಲಿ ಕೂತು ತಿನ್ನುವಂತಿಲ್ಲ, ಏನಿದ್ದರೂ ತಾಪಾವ್, ಅಂದರೆ ಕಟ್ಟಿಸಿಕೊಂಡು ಹೋಗಬೇಕು. ಇಲ್ಲಿ ಚಹಾವನ್ನೂ ಕಟ್ಟಿ ಕೊಡುತ್ತಾರೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಸಿ ಚಹಾ ಸುರಿದು, ಬಾಯಿಗೆ ಕೆಂಪು ದಾರ ಬಿಗಿದು ಕೈಗೆ ಕೊಡುತ್ತಾರೆ; ಬೆರಳಿಗೆ ಸಿಕ್ಕಿಸಿಕೊಂಡು ನಡೆದರೆ ಜಾತ್ರೆಯಿಂದ ಮೀನು ತಂದ ಹಾಗೆ ಕಾಣುತ್ತದೆ. ಒಂದು ಮಧ್ಯಾಹ್ನ ಎರಡು ಚೀಲ ತೇ ಓ ತಂದೆ. ಒಂದನ್ನು ಕುಡಿದು, ಇನ್ನೊಂದನ್ನು ಬೋಗುಣಿಯಲ್ಲಿ ನಿಲ್ಲಿಸಿ ಒಳಕೋಣೆಗೆ ನಮಾಜಿಗೆ ಹೋದೆ. ಮುಗಿಸಿ ಬರುವಾಗ ಹಸೀನಾ ಸೊಂಟದ ಮೇಲೆ ಕೈಯಿಟ್ಟು ಟೇಬಲ್ ನೋಡುತ್ತ ನಿಂತಿದ್ದಳು. ಕಿಟಕಿಯಿಂದ ಗೋಡೆ, ಗೋಡೆಯಿಂದ ಟೇಬಲ್ಲಿನ ಕಾಲು, ಅಲ್ಲಿಂದ ಬೋಗುಣಿಯವರೆಗೆ ಕೆಂಪಿರುವೆ ಸಾಲುಗಟ್ಟಿದ್ದವು. ಇಡೀ ದೇಶ ಮನೆಯೊಳಗೆ ಕೂತಿದ್ದಾಗ ಇವಕ್ಕೆ ಮಾತ್ರ ಸಂಚಾರದ ಪರವಾನಗಿ ಇದ್ದ ಹಾಗಿತ್ತು.

"ಏನ್ರೀ," ಎಂದಳು ಹಸೀನಾ ಬಹಳ ಶಾಂತವಾಗಿ, "ಸೊನ್ನಿಗೆ ಇರುವಿ ಯಾಕ ಬರ್ತಾವು?"

ನೀರಡಿಕೆಯಾಗಿರಬಹುದು ಎಂದೆ. ಹಿರಿಯ ಮಗಳು ಸಾನಿಯಾ ಆನ್‌ಲೈನ್ ಕ್ಲಾಸಿನಿಂದ ಎದ್ದು ಬಂದು, ಚೀಲದ ದಾರ ಬಿಚ್ಚಿ, ಬೆರಳು ಅದ್ದಿ ನೆಕ್ಕಿದಳು. ನಮ್ಮ ಮಕ್ಕಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. "ಪಪ್ಪಾ, ದಿಸ್ ಈಸ್ ಸಿರಪ್ ಲಾ" ಎಂದಳು. ಮಾತಿನ ಬಾಲಕ್ಕೆ ಲಾ ಸೇರಿಸುವುದು ಇಲ್ಲಿನ ರೂಢಿ. ಅವಳ ಹಿಂದೆ ತಂಗಿಯೂ ನೆಕ್ಕಿ ಅದನ್ನೇ ಅಂದಳು. ಸಾಕ್ಷಿಗಳು ಬಹಳವಾದವು.

ನಾನು ಮಾಸ್ಕ್ ಏರಿಸಿಕೊಂಡು ಮಾಮಾಕ್‌ಗೆ ನಡೆದೆ. ನೆಲಕ್ಕೆ ಟೇಪಿನಿಂದ ಹಾಕಿದ ಗುಣಾಕಾರದ ಗುರುತಿನ ಮೇಲೆ ನಿಂತು, ಚಹಾ ಎಳೆಯುವ ಅಣ್ಣೆಯನ್ನು ವಿಚಾರಿಸಿದೆ. ಅಣ್ಣೆ ಅಂದರೆ ಅಣ್ಣ. ಇಲ್ಲಿ ಚಹಾದವರನ್ನೆಲ್ಲ ಹಾಗೇ ಕರೆಯುವುದು. "ಅಣ್ಣೆ, ತೇ ಓ ಅಂದರೆ ಸಕ್ಕರೆ ಇಲ್ಲ ತಾನೆ?" ಎಂದು ನನ್ನ ತಮಿಳಿನಲ್ಲಿ ಕೇಳಿದೆ.

"ಯಾರು ಬಾಯ್ ಹಾಗೆ ಹೇಳಿದ್ದು?" ಎಂದ ಅವನು. ನಮ್ಮ ಭಾಯ್ ಇಲ್ಲಿನ ತಮಿಳಿನಲ್ಲಿ ಬಾಯ್. "ಓ ಅಂದರೆ ಪಾಲ್ ಇಲ್ಲೈ. ಹಾಲಿಲ್ಲ, ಅಷ್ಟೆ. ಸೀನಿ, ಸಕ್ಕರೆ, ಹಾಕ್ತೀವಿ. ಸೀನಿ ಬೇಡ ಅಂದರೆ ತೇ ಓ ಕೊಸೊಂಗ್ ಅನ್ನಬೇಕು ಲಾ."

"ಎಷ್ಟು ಹಾಕ್ತಿದ್ದೆ?"

"ಎಲ್ಲರಿಗೂ ಎರಡು ಚಮಚ." ಅವನು ಸ್ವಲ್ಪ ಹತ್ತಿರ ಬಗ್ಗಿದ. "ನಿಮಗೆ ಮೂರು, ಬಾಯ್. ರೆಗ್ಯುಲರ್ ಕಸ್ಟಮರ್ ಅಲ್ಲವಾ."

ಪ್ರೀತಿಯಿಂದ ಹಾಕಿದ ಚಮಚಕ್ಕೆ ಯಾರ ಮೇಲೆ ಸಿಟ್ಟು ಮಾಡುವುದು? ನನಗೆ ಹೆಚ್ಚು ನೋವಾದದ್ದು ಆ ಕೊಸೊಂಗ್ ಎಂಬ ಶಬ್ದದಿಂದ. ಅದು ನನಗೆ ಗೊತ್ತಿಲ್ಲದ ಶಬ್ದವಲ್ಲ. ಮಲಯ್‌ನಲ್ಲಿ ಖಾಲಿ ಎಂದು ಅರ್ಥ. ಫೋನ್ ನಂಬರ್ ಹೇಳುವಾಗ ಸೊನ್ನೆಗೂ ಕೊಸೊಂಗ್ ಎಂದೇ ಹೇಳುತ್ತಾರೆ. ಗಿರಾಕಿಗಳಿಗೆ ನಂಬರ್ ಕೊಡುವಾಗೆಲ್ಲ ನಾನೇ ಬಾಯಿತುಂಬ ಕೊಸೊಂಗ್ ಎಂದು ಶುರು ಮಾಡುತ್ತಿದ್ದೆ. ಫೋನಿಗೆ ಹೇಳಿದ್ದನ್ನು ಚಹಾಕ್ಕೆ ಹೇಳಿರಲಿಲ್ಲ.

ಮೂರು ತಿಂಗಳು ಚಿಲ್ಲರೆಯಲ್ಲಿ ಆಗಲೇ ಕೆಲವು ವಾರ ಹೋಗಿದ್ದವು. ಅಂದು ಮನೆಗೆ ಬಂದು ಹಸೀನಾಳ ಮುಂದೆ ಕೂತು, "ಇನ್ನು ಮೇಲೆ ಊಟದ ವಿಷಯದಲ್ಲಿ ಊಹೆ ಇಲ್ಲ. ಸೋಫಾ ನೋಡಿದ ಹಾಗೆ ನೋಡುತ್ತೇನೆ" ಎಂದೆ. ಸೋಫಾ ಕೊಳ್ಳುವವರು ಮೇಲಿನ ಬಟ್ಟೆ ಸವರಿ ಮರುಳಾಗುತ್ತಾರೆ. ನಾನು ಎಂದೂ ಮೇಲಿನದನ್ನು ನೋಡುವುದಿಲ್ಲ. ಮಗುಚಿ ಹಾಕಿ, ತಳದ ಬಟ್ಟೆ ಬಿಚ್ಚಿ, ಒಳಗೆ ಸ್ಪ್ರಿಂಗ್ ಇದೆಯೋ ಚಿಂದಿ ತುಂಬಿದ್ದಾರೋ ನೋಡುತ್ತೇನೆ. ಬಿಸ್ಕತ್ತಿನ ಪೊಟ್ಟಣವನ್ನೂ ಹಾಗೇ ಮಗುಚಬೇಕಿತ್ತು. ಮುಂದೆ ಗೋಧಿ ತೆನೆಯ ಚಿತ್ರ, ಓಡುತ್ತಿರುವ ತೆಳ್ಳನೆಯ ಹೆಂಗಸು. ಹಿಂದೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ 'ಗುಲಾ', ಅಂದರೆ ಸಕ್ಕರೆ. ಸಾನಿಯಾ ಪಕ್ಕದಲ್ಲಿ ಕೂತು ಓದುವುದನ್ನು ಹೇಳಿಕೊಟ್ಟಳು: ಪಟ್ಟಿಯಲ್ಲಿ ಯಾವುದು ಮೊದಲು ಬರುತ್ತದೋ ಅದೇ ಪೊಟ್ಟಣದಲ್ಲಿ ಹೆಚ್ಚು. ನಮ್ಮ ಮನೆಯ 'ಹೆಲ್ದಿ' ಓಟ್ಸ್ ಪುಡಿಯಲ್ಲಿ ಮೊದಲು ಬಂದದ್ದು ಓಟ್ಸ್ ಅಲ್ಲ. ಅದನ್ನು ಕಂಡು ನನಗಾದ ಸಿಟ್ಟು, ಹೊಸ ಸೋಫಾದೊಳಗೆ ಹಳೆಯ ಚಾಪೆ ಸಿಕ್ಕಾಗ ಆಗುವಂಥ ಸಿಟ್ಟು.

ಅನ್ನ ಅರ್ಧಕ್ಕೆ ಇಳಿಯಿತು, ರೊಟ್ಟಿ ಬಂತು. ರೊಟ್ಟಿಗೂ ಒಂದು ಪ್ರಸಂಗವಿದೆ. ನಮ್ಮ ಜೋಳದ ರೊಟ್ಟಿಗೆಂದು ತಮಿಳರ ಅಂಗಡಿಯಲ್ಲಿ 'ಸೋಳಂ' ಹಿಟ್ಟು ಕೇಳಿ ತಂದೆ. ಹಸೀನಾ ಬಡಿಯಲು ಕೂತರೆ ಹಿಟ್ಟು ಹಳದಿ; ಅದು ಗೋವಿನಜೋಳ. "ಮೊದಲು ಇರುವಿ ಸಾಕಿದ್ರಿ, ಈಗ ಕೋಳಿ ಸಾಕೂಣೇನು?" ಎಂದಳು. ಮರುದಿನ ನಾನು ಅಂಗಡಿಗೆ ಹೋಗಿ ಚೀಲ ಬಿಚ್ಚಿಸಿ, ಅಂಗೈಗೆ ಹಾಕಿಸಿಕೊಂಡು, ಬಿಳಿಯದೇ ಎಂದು ಕಣ್ಣಾರೆ ನೋಡಿ ತಂದೆ. ಕಲಿಯಲು ತಡ ಮಾಡಿರಬಹುದು, ಒಮ್ಮೆ ಕಲಿತರೆ ಮರೆಯುವವನಲ್ಲ. ಸಂಜೆ ಕಾಂಡೊದ ಪಾರ್ಕಿಂಗಿನಲ್ಲಿ ಜಾವೀದನೂ ನಾನೂ ಬಿರುಸಾಗಿ ನಡೆದೆವು. ಓ ಅಂದರೇನೆಂದು ತಿಳಿದ ಮೇಲೆ ಅವನು ಮೊದಮೊದಲು ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆಯುತ್ತಿದ್ದ. "ಇಂಜಿನಿಯರಿಂಗ್ ಓದಿ ನಿಮ್ಮ ಮಾತು ಕೇಳಿದೆನಲ್ಲ ಮೌಲಣ್ಣ, ನನ್ನ ಎಕ್ಕಡದಲ್ಲಿ ನಾನೇ ಹೊಡ್ಕಬೇಕು" ಎಂದ. ಹೊಡೆದುಕೊಳ್ಳುವುದೂ ಒಂದು ವ್ಯಾಯಾಮವೇ ಎಂದೆ. ಆಮೇಲೆ ಜೊತೆಗೆ ಹೆಜ್ಜೆ ಹಾಕಿದ.

ರಂಜಾನಿಗೆ ವಾರವಿದೆ ಎನ್ನುವಾಗ ಮೂರನೆಯ ರಕ್ತ. ಈ ಸಲ ಇಸ್ತ್ರಿ ಅಂಗಿ ಹಾಕಲಿಲ್ಲ. ಹಸೀನಾ ಜೊತೆಗೆ ಬಂದಳು. ಒಬ್ಬರೇ ಒಳಗೆ ಬರಬೇಕೆಂಬ ಕೊರೊನಾ ನಿಯಮವಿದ್ದುದರಿಂದ ಗಾಜಿನ ಬಾಗಿಲಿನ ಆಚೆ ನಿಂತಳು. ಡಾಕ್ಟರಮ್ಮ ಕಾಗದ ನೋಡಿದರು, ನನ್ನನ್ನು ನೋಡಿದರು, ಮತ್ತೆ ಕಾಗದ ನೋಡಿದರು. "ಅಂಕಲ್, ಗಡಿಯ ಈಚೆ ಬಂದಿದ್ದೀರಿ. ಮಾತ್ರೆ ಬೇಡ. ಉಪವಾಸ ಹಿಡಿಯಿರಿ. ಆದರೆ ಸಂಜೆ ಶರಬತ್ತಿನ ಮೇಲೆ ಬೀಳಬೇಡಿ, ತಲೆ ಸುತ್ತು ಬಂದರೆ ಹಟ ಮಾಡಬೇಡಿ, ಆ ಕ್ಷಣ ಬಿಟ್ಟು ಇಲ್ಲಿಗೆ ಬನ್ನಿ" ಎಂದರು. ಆಮೇಲೆ, "ಹೇಗೆ ಮಾಡಿದಿರಿ?" ಎಂದು ಕೇಳಿದರು.

ನಾನು ಎದೆಯುಬ್ಬಿಸಿ, ಪೊಟ್ಟಣ ಮಗುಚುವುದರಿಂದ ಹಿಡಿದು ಬಿಳಿ ಜೋಳದವರೆಗೆ ಎಲ್ಲ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಕೇಳಿದರು. ಗಾಜಿನಾಚೆ ಹಸೀನಾ ಕೈಸನ್ನೆಯಲ್ಲಿ ಏನಾಯಿತೆಂದು ಕೇಳುತ್ತಿದ್ದಳು. ಹೆಬ್ಬೆರಳು ಎತ್ತಿ ತೋರಿಸಿದೆ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡದ್ದನ್ನು ನೋಡಿದೆ. ಹೊರಗೆ ಬಂದು ಕೇಳಿದರೆ, "ಮಾಸ್ಕಿನ ಉಸಿರಿಗೆ ಕಣ್ಣು ಉರೀತಾವ್ರೀ" ಎಂದಳು. ಆ ಕಾಗದವನ್ನು ಜಾವೀದನಿಗೆ ತೋರಿಸಿದೆ, ಅಣ್ಣೆಗೆ ತೋರಿಸಿದೆ, ಸೋಫಾ ಕೊಡಲು ಬಂದ ಚೀನೀ ಗಿರಾಕಿಗೂ ತೋರಿಸಿದೆ. ಆತ ಬಿಲ್ಲೆಂದು ತಿಳಿದು ರಿಯಾಯಿತಿ ಕೇಳಿದ. ಕೊಟ್ಟೆ.

ಆ ರಂಜಾನ್ ಮುಗಿದ ಮೇಲೆ ಈದ್‌ನ ಬೆಳಿಗ್ಗೆ, ಮಸೀದಿಗೆ ಎಲ್ಲರನ್ನೂ ಬಿಡದ ಆ ವರ್ಷ, ಮನೆಯಲ್ಲೇ ನಮಾಜಿಗೆ ನಿಂತೆವು. ನಾನು ಮುಂದೆ, ಹೆಂಡತಿ ಮಕ್ಕಳು ಹಿಂದೆ. ಬಹಳ ಗಂಭೀರವಾಗಿ ಬಗ್ಗಿದೆ. ಪ್ಯಾಂಟು ನನ್ನೊಂದಿಗೆ ಬಗ್ಗಿ, ಏಳುವಾಗ ನನ್ನೊಂದಿಗೆ ಏಳಲಿಲ್ಲ. ಮಂಡಿಯವರೆಗಿನ ಜುಬ್ಬಾ ನನ್ನ ಮಾನ ಕಾಯಿತು. ಹಿಂದಿನಿಂದ ಬಂದ ನಗುವನ್ನು ದೇವರು ಕ್ಷಮಿಸಿರಲಿ. ಊರವರ ಸೋಫಾಗಳಿಗೆಲ್ಲ ಒಂದು ಎಳೆ ಸಡಿಲವಿಲ್ಲದಂತೆ ಬಿಗಿಯುವ ನನಗೆ ಕರಗಿದ ನನ್ನ ಸೊಂಟಕ್ಕೆ ಪ್ಯಾಂಟು ಬಿಗಿಯಲು ಇನ್ನೂ ಪುರುಸೊತ್ತಾಗಿಲ್ಲ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಹೆಂಡತಿ ಒಬ್ಬಳು, ಹೆಣ್ಣುಮಕ್ಕಳು ಇಬ್ಬರು, ಹೊಲಿಗೆ ಯಂತ್ರ ಎರಡು, ವ್ಯಾನು ಒಂದು, ಆ ವರ್ಷ ಪೂರ್ತಿ ಮಾಡಿದ ಉಪವಾಸ ಮೂವತ್ತು, ಪ್ಯಾಂಟು ಐದು, ಬೆಲ್ಟು ಒಂದು.