ಚನಬಸಪ್ಪನ ಕಾರಿನ ಅಧಿಕೃತ ಮಸುಕು

ವಾಹನದ ದೀಪವು ಬೆಳಕು ಕೊಡುವುದಕ್ಕಿಂತ ಮೊದಲು ದಾಖಲೆಗೆ ಹೊಂದಬೇಕು. ಈ ಸಂಗತಿ ಹಳಿಯಾಳ ತಾಲೂಕಿನಲ್ಲಿ ಈಗ ಎಲ್ಲರಿಗೂ ಗೊತ್ತು. ಗೊತ್ತಾದದ್ದು ಹೇಗೆಂಬುದನ್ನು ಮೊದಲು ಹೇಳಿದವರು ಸಾಂಬ್ರಾಣಿ ಊರಿನ ಮಹಾದೇವಕ್ಕ. ಅವರು ಆ ಹೊತ್ತು ಅದೇ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತಿದ್ದರು. ಆದ್ದರಿಂದ ಸುಳ್ಳಿಗೆ ಎಡೆಯಿಲ್ಲ.

ಎರಡು ಸಾವಿರದ ಆರನೆಯ ಇಸವಿ. ಸಾಂಬ್ರಾಣಿಯ ಚನಬಸಪ್ಪ ಒಂದು ಹಳೆಯ ಕಾರಿನಲ್ಲಿ ಬಾಡಿಗೆಗೆ ದಾಂಡೇಲಿಯವರೆಗೆ ಜನರನ್ನು ಒಯ್ದು ತರುತ್ತಿದ್ದ. ಮನೆಯ ರೊಟ್ಟಿ ಅದರ ಮೇಲೆಯೇ. ಬಿಸಿಲಿಗೆ ನಿಂತು ನಿಂತು ಮುಂದಿನ ದೀಪಗಳ ಪ್ಲಾಸ್ಟಿಕ್ ಮುಖ ಮಜ್ಜಿಗೆ ಕುಡಿದಿಟ್ಟ ಲೋಟದಂತೆ ಮಸುಕಾಗಿತ್ತು. ಹೊತ್ತು ಮುಳುಗಿದ ಮೇಲೆ ಎದುರಿಗೆ ಎಮ್ಮೆ ಬಂದರೆ, ಅದು ಒದರಿದ ಮೇಲೆಯೇ ಎಮ್ಮೆಯೆಂದು ತಿಳಿಯುತ್ತಿತ್ತು. ಸಂಜೆಯ ಗಿರಾಕಿಗಳು ಬಸ್ಸು ಹಿಡಿಯತೊಡಗಿದರು.

ಮಹಾನವಮಿಯ ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ಹಿಂದಿನ ದಿನ ಹೆಂಡತಿ ಗುರುಸಿದ್ದವ್ವ ದೇವರ ಮನೆಯ ಹಿತ್ತಾಳೆ ದೀಪಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ಅಂಗಳದ ಕಾರಿನ ಕಡೆ ನೋಡಿ ಕೇಳಿದಳು:

"ಅವೂ ದೀಪನ ಅಲ್ಲೇನ್ರಿ? ಅವೇನು ಪಾಪ ಮಾಡ್ಯಾವು?"

"ಪ್ಲಾಸ್ಟಿಕ್ ಐತಿ. ಹುಣಸೆಹಣ್ಣಿಗೆ ಬಗ್ಗೂದಿಲ್ಲ."

"ಹಂಗಾರ ಹಲ್ಲಿಗೆ ಹಚ್ಚೂ ಪೇಸ್ಟ್ ಹಚ್ಚೂಣು. ನಿಮ್ಮ ಹಲ್ಲಿಗಂತೂ ಅದರಿಂದ ಏನೂ ಆಗಿಲ್ಲ."

ನೆನೆಸಿದ ನುಣುಪು ಪಾಲಿಶ್ ಕಾಗದದಿಂದ ಅವನು ಉಜ್ಜಿದ. ಹಳೆಯ ಧೋತರದ ತುಂಡಿಗೆ ಪೇಸ್ಟು ಹಚ್ಚಿ ಅವಳು ತಿಕ್ಕಿದಳು. ತೊಳೆದಾಗ ದೀಪಗಳಲ್ಲಿ ಇಬ್ಬರ ಮುಖವೂ ಕಂಡಿತು.

ಕಾರಿನ ದೀಪಗಳ ವರ್ಷದ ಪ್ರಮಾಣಪತ್ರದ ಅವಧಿ ಮುಂದಿನ ಶುಕ್ರವಾರ ಮುಗಿಯುವುದಿತ್ತು; ಅದಿಲ್ಲದೆ ಕಾರು ಅಂಗಳ ಬಿಡುವಂತಿಲ್ಲ. ಆ ಶುಕ್ರವಾರ ಚನಬಸಪ್ಪ ಹೆಂಡತಿಯನ್ನು ಮುಂದೆ, ದವಾಖಾನೆಗೆ ಹೊರಟ ಮಹಾದೇವಕ್ಕನನ್ನು ಹಿಂದೆ ಕೂಡಿಸಿಕೊಂಡು, ದಾರಿಯಲ್ಲಿದ್ದ ವಾಹನ ದೀಪ ದೃಢೀಕರಣ ಉಪಕಚೇರಿಗೆ ಹೋದ.

ಗುಮಾಸ್ತ ಶಂಕ್ರಪ್ಪ ರಜಿಸ್ಟರು ನೋಡಿದ, ಕಾರು ನೋಡಿದ, ಮತ್ತೆ ರಜಿಸ್ಟರು ನೋಡಿದ.

"ಇದು ನಿಮ್ಮ ಕಾರಲ್ಲ."

"ಯಾಕ್ರಿ? ನಂಬರ ಅದ ಐತಲ್ರಿ."

"ನಂಬರ ಐತಿ. ಮಸುಕು ಎಲ್ಲೈತಿ? ಆರು ವರ್ಷದಿಂದ ಬರದೈತಿ ನೋಡ್ರಿ: ದೀಪ ಎರಡು, ಮಸುಕು, ಯೋಗ್ಯ."

"ತಿಕ್ಕೀವ್ರಿ, ಮನ್ಯಾಗ."

ಶಂಕ್ರಪ್ಪ ಪೆನ್ನು ಕೆಳಗಿಟ್ಟ. "ಮನ್ಯಾಗ? ಯಾರನ್ನ ಕೇಳಿ?"

"ಹಲ್ಲು ತಿಕ್ಕಾಕೂ ಇವರನ್ನ ಕೇಳಬೇಕಾತು ಇನ್ನ," ಎಂದರು ಹಿಂದಿನ ಸೀಟಿನಿಂದ ಮಹಾದೇವಕ್ಕ. ಅದು ದಾಖಲಾಗಲಿಲ್ಲ.

ಅಧಿಕಾರಿ ಮಹಾಬಳೇಶ್ವರ ಅವರು ಹೊರಬಂದು ಸಾವಧಾನವಾಗಿ ವಿವರಿಸಿದರು. ಮಸುಕು ವಿಮೋಚನೆಗೆ ಮೂರು ಪ್ರತಿಗಳಲ್ಲಿ ಅರ್ಜಿ ಕೊಡಬಹುದು. ಆದೇಶಕ್ಕೆ ಹದಿನಾಲ್ಕು ತಿಂಗಳು. ಅಲ್ಲಿಯವರೆಗೆ ಕಾರು ನಿಂತಿರತಕ್ಕದ್ದು. ಇಲ್ಲವೇ ಸಂಜೆ ಐದರೊಳಗೆ ಮಸುಕನ್ನು ಹಾಜರುಪಡಿಸತಕ್ಕದ್ದು.

ಚನಬಸಪ್ಪ ಗೋಡೆಯ ಗಡಿಯಾರ ನೋಡಿದ. ಆರು ವರ್ಷದ ಬಿಸಿಲನ್ನು ಐದು ಗಂಟೆಯೊಳಗೆ ಎಲ್ಲಿಂದ ತರುವುದು?

ಗುರುಸಿದ್ದವ್ವ ಕಾರಿನಿಂದ ಇಳಿದಳು. ಸೆರಗಿನ ಗಂಟಿನಿಂದ ವಿಭೂತಿ ಗಟ್ಟಿ ತೆಗೆದು, ನೀರಿನಲ್ಲಿ ತೇಯ್ದು, "ಶಿವಾ" ಎಂದು ಎರಡೂ ದೀಪಗಳಿಗೆ ದಪ್ಪಗೆ ಬಳಿದಳು. ಅದು ಒಣಗುವಷ್ಟರಲ್ಲಿ ದವಾಖಾನೆ ಮುಚ್ಚಿತು. ಅಧಿಕಾರಿಗಳು ಚಪ್ಪಲಿ ಬಿಟ್ಟು, ಕೈಮುಗಿದು, ಬಾಗಿ ತಪಾಸಣೆ ಮಾಡಿದರು. ಶಂಕ್ರಪ್ಪ ಬರೆದ: ದೀಪ ಎರಡು, ಮಸುಕು, ಯೋಗ್ಯ.

ಚನಬಸಪ್ಪ ಪ್ರಮಾಣಪತ್ರವನ್ನು ಕಣ್ಣಿಗೊತ್ತಿಕೊಂಡ. "ಇನ್ನ ಒರೆಸಬಹುದೇನ್ರಿ?"

"ಒರೆಸಿದರೆ ಪ್ರಮಾಣಪತ್ರ ರದ್ದು," ಎಂದರು ಅಧಿಕಾರಿಗಳು.

"ಮತ್ತ ಸಂಜೀಕ ರಸ್ತಾ ಹೆಂಗ ಕಾಣಬೇಕ್ರಿ?"

"ರಸ್ತೆ ನಮ್ಮ ಇಲಾಖೆಗೆ ಬರುವುದಿಲ್ಲ."

ಮುಂದಿನ ವಾರ ಕಚೇರಿಯ ಗೋಡೆಯ ಮೇಲೆ ಪ್ರಕಟಣೆ ಬಂತು: "ಮನೆಯಲ್ಲಿ ದೀಪ ತಿಕ್ಕಿದ ವಾಹನಗಳ ಮಾಲೀಕರು ತಪಾಸಣೆಗೆ ಮುನ್ನ ಮಸುಕನ್ನು ಭಕ್ತಿಪೂರ್ವಕವಾಗಿ ಪುನಃಸ್ಥಾಪಿಸತಕ್ಕದ್ದು. ವಿಭೂತಿಯು ಕಚೇರಿಯ ಎದುರಿನ ಅಂಗಡಿಯದೇ ಆಗಿರತಕ್ಕದ್ದು." ಆ ಅಂಗಡಿ ಅಧಿಕಾರಿಗಳ ಅಳಿಯನದು. ಹತ್ತಿರವೇ ಇದ್ದುದರಿಂದ ಎಲ್ಲರಿಗೂ ಅನುಕೂಲವಾಯಿತು.

ಚನಬಸಪ್ಪನ ಕಾರು ಈಗ ಸಂಜೆಯೂ ಓಡುತ್ತದೆ. ಮುಂದೆ ಕುಳಿತ ಗಿರಾಕಿ ಕಿಟಕಿಯಿಂದ ಕೈ ಚಾಚಿ ರಸ್ತೆಗೆ ಬ್ಯಾಟರಿ ದೀಪ ಹಿಡಿಯುತ್ತಾನೆ. ಆ ಸೀಟಿಗೆ ಬೇಡಿಕೆ ಜಾಸ್ತಿ. ಬ್ಯಾಟರಿಯ ಗಾಜನ್ನು ಗುರುಸಿದ್ದವ್ವ ದಿನಾ ಪೇಸ್ಟು ಹಚ್ಚಿ ತಿಕ್ಕುತ್ತಾಳೆ. ಅದಿನ್ನೂ ಯಾವ ರಜಿಸ್ಟರಿಗೂ ಏರಿಲ್ಲ.

ಇದನ್ನು ಕೇಳಿದವರು ಇನ್ನೊಬ್ಬರಿಗೆ ಹೇಳಬೇಕೆಂದು ಮಹಾದೇವಕ್ಕನ ಕೋರಿಕೆ. ಆದರೆ ಹಗಲಿನಲ್ಲೇ ಹೇಳಿರಿ. ಕೇಳಿದವರು ಬೆಳಕಿರುವಾಗ ಮನೆ ಮುಟ್ಟಬೇಕು.