ಸ್ಕಂಧವಸ್ತ್ರ ಪರಾಭವ

ಎಲೈ ಸಹೃದಯರಿರಾ, ಕಿವಿಗೊಡಿರಿ. ಆಹಾರದೊಳಗೆ ಅಡಗಿದ ವಿಷಕ್ರಿಮಿಗಳ ಸುಳಿವಿಗಾಗಿ ದಿನಗಟ್ಟಲೆ ಕಾಯುವ ಕಾಲ ಕಳೆದು, ಬೆಳಗ್ಗೆ ಕೇಳಿದ್ದಕ್ಕೆ ಸಂಜೆಯೊಳಗೆ ಉತ್ತರ ಬರುವ ಈ ಅವಸರದ ಯುಗದಲ್ಲಿ, ದಾವಣಗೆರೆಯೆಂಬ ಮಹಾನಗರಿಯ ಹಾಸ್ಟೆಲ್ಲೊಂದರ ಪಾಕಶಾಲೆಯನ್ನು ಕೊಟ್ರಬಸಪ್ಪನೆಂಬ ಸೌಟುಧರನು ಆಳುತ್ತಿದ್ದನು. ಸಾಂಬಾರಸಾಗರಮಥನನೂ ಉಪ್ಪಿಟ್ಟುಗಿರಿಧಾರಿಯೂ ಶೇಂಗಾಚಟ್ನಿಚಕ್ರವರ್ತಿಯೂ ಆದ ಆ ವೀರನ ಭುಜದ ಮೇಲೆ ಕಂದುಬಣ್ಣದ ಸ್ಕಂಧವಸ್ತ್ರವೊಂದು, ಎಂದರೆ ಟವೆಲ್, ಜಯಧ್ವಜದಂತೆ ಸದಾ ರಾರಾಜಿಸುತ್ತಿತ್ತು.

ಹೀಗಿರಲು ಇಬ್ಬರು ಹುಡುಗರ ಹೊಟ್ಟೆ ಕೆಟ್ಟಿತು. ವಾರ್ಡನ್ ಹಾಲಸ್ವಾಮಿಗಳು ಚಟ್ನಿಯನ್ನೇ ಶಂಕಿಸಿ, ಪರೀಕ್ಷೆಯಲ್ಲಿ ಕ್ರಿಮಿ ಕಂಡರೆ ಅಡುಗೆಯನ್ನು ಕಂಟ್ರಾಕ್ಟಿಗೆ ಕೊಡುವೆನೆಂದು ಸಾರಿದರು. ಸೌಟೇ ಹೋದ ಮೇಲೆ ಬಾಳೇನು? ವೀರನು ಸೌಟನ್ನು ಎದೆಗವಚಿಕೊಂಡನು.

ಮರುದಿನ ಮುಂಜಾನೆ ಶ್ವೇತಕವಚಧಾರಿಣಿಯೂ ಹಸ್ತತ್ರಾಣಭೂಷಿತೆಯೂ ಆದ ನಾಗವೇಣಿಯು ಪ್ರಯೋಗಾಲಯದಿಂದ ದಂಡೆತ್ತಿ ಬಂದಳು. ಕೊಟ್ರಬಸಪ್ಪನು ಮೀಸೆ ತಿರುವಿ ಗರ್ಜಿಸಿದನು.

“ನೋಡ್ರೀ ಮೇಡಂ, ನನ್ನ ಚಟ್ನಿ ತಿಂದು ಇವತ್ತಿನ ತನಕ ಒಬ್ರೂ ಹಾಸಿಗೆ ಹಿಡಿದಿಲ್ಲ. ಹುಡುಕಿ ಹುಡುಕಿ ನಿಮ್ಮ ಮಿಷಿನ್ನೇ ಸುಸ್ತಾಗ್ಬೇಕು.”

ಎಂದವನೇ ಸೌಟನ್ನು ಸ್ಕಂಧವಸ್ತ್ರದಿಂದ ತಿಕ್ಕಿ ತಿಕ್ಕಿ ಒರೆಸಿ ಚಟ್ನಿಗೆ ಅದ್ದಹೊರಟನು. ನಾಗವೇಣಿ ಕೈ ಅಡ್ಡ ಹಿಡಿದು, ಆ ಟವೆಲ್ಲಿಗೆ ಸೋಪು ಹಾಕಿ ಎಷ್ಟು ಕಾಲವಾಯಿತೆಂದು ಮೆಲ್ಲಗೆ ಕೇಳಿದಳು.

“ದಿನಾ ನೀರಾಗ ಅದ್ದಿ ಹಿಂಡ್ತೀನ್ರಿ. ಸೋಪು ಮಾತ್ರ ಮುಟ್ಟಿಸಲ್ಲ. ಸಾಂಬಾರಿಗೆ ಅದರ ವಾಸನೆ ಹತ್ತತೈತಿ.”

ಅವಳು ತನ್ನದೇ ಚಮಚದಿಂದ ಚಟ್ನಿಯನ್ನು ಒಂದು ಶೀಶೆಗೆ ತುಂಬಿದಳು. ಹತ್ತಿ ಸುತ್ತಿದ ಕಡ್ಡಿಯನ್ನು ಟವೆಲ್ಲಿಗೆ ಉಜ್ಜಿ ಇನ್ನೊಂದಕ್ಕೆ ಇಳಿಸಿದಳು. ಅಂದು ವೀರನಿಗೆ ಅನ್ನ ಸೇರಲಿಲ್ಲ, ಸಾಂಬಾರಿಗೆ ಉಪ್ಪು ಬೀಳಲಿಲ್ಲ.

ಸಂಜೆ ತೀರ್ಪು ಬಂದಿತು. ಚಟ್ನಿ ನಿಷ್ಕಳಂಕ! ವೀರನ ಭುಜಗಳು ಉಬ್ಬಿದವು. ಆದರೆ ಉಬ್ಬಿದ ಭುಜದ ಮೇಲಿದ್ದ ಟವೆಲ್ಲಿನಲ್ಲಿ ಹೊಟ್ಟೆ ಕೆಡಿಸುವ ಕ್ರಿಮಿಗಳು ಸಾಮ್ರಾಜ್ಯವನ್ನೇ ಕಟ್ಟಿಕೊಂಡಿದ್ದವು. ಹುಡುಗರ ತಟ್ಟೆಗಳನ್ನೆಲ್ಲ ಒರೆಸುತ್ತಿದ್ದುದೂ ಅದರಿಂದಲೇ. ಕೊಟ್ರಬಸಪ್ಪನ ಕಣ್ಣು ತುಂಬಿತು. ವಾರ್ಡನ್ನರ ಮನಸ್ಸು ಕರಗಿತು. ಸೌಟು ನಿನಗೇ ಇರಲಿ, ಟವೆಲ್ಲನ್ನು ಸೋಪಿಗೆ ಒಪ್ಪಿಸು ಎಂದರು.

ಮುಖ ತಿರುಗಿಸಿಕೊಂಡೇ ವೀರನು ತನ್ನ ಧ್ವಜವನ್ನು ಕುದಿಯುವ ಸೋಪುನೀರಿಗೆ ಇಳಿಸಿದನು. ಬೆಳಗ್ಗೆ ಪಾತ್ರೆ ತೊಳೆಯುವಾಕೆ ಅದನ್ನು ಚೆನ್ನಾಗಿ ಒಗೆದು ಹಗ್ಗಕ್ಕೆ ಹರವಿದಳು. ಸ್ವಲ್ಪ ಹೊತ್ತಿಗೆಲ್ಲ ಕೊಟ್ರಬಸಪ್ಪನು ಓಡಿಬಂದು ವಾರ್ಡನ್ನರ ಬಾಗಿಲು ಬಡಿದನು.

“ಸಾರ್, ನನ್ನ ಟವೆಲ್ ಯಾರೋ ಹೊತ್ಕಂಡು ಹೋಗ್ಯಾರ. ಅದರ ಜಾಗದಾಗ ಯಾವುದೋ ಬಿಳೇದು ಹಾಕ್ಯಾರ.”