ಗರಗಸ ಆರಿಸಲು ಹೋದ ಅಳಿಯನನ್ನು ವಾಪಸ್ ಕಳಿಸುವ ಬಗ್ಗೆ

ಪರಮಪೂಜ್ಯ ಗರಗಸದಂಗಡಿ ಮಾಲೀಕರ ಸನ್ನಿಧಿಗೆ, ಬೀಗ ಬಿದ್ದ ಗ್ರಿಲ್ಲಿನ ಒಳಗಿನಿಂದ ಒಬ್ಬ ಅತ್ತೆ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ಇಂದು ಬೆಳಿಗ್ಗೆ ನನ್ನ ಅಳಿಯ ತನ್ನ ಮನೆಯ ಗ್ರಿಲ್ಲಿಗೆ ಹೊರಗಿನಿಂದ ಬೀಗ ಹಾಕಿಕೊಂಡು ಹಾಲು ತರಲು ಹೋಗಿ, ಬಂದವನು ತೆಗೆಯುವಾಗ ಕೀಯನ್ನು ಬೀಗದೊಳಗೇ ಮುರಿದ. ಮಗಳು ಊರಲ್ಲಿಲ್ಲ, ಸಂಜೆಯ ರೈಲಿಗೆ ನಾನು ನನ್ನ ಮನೆಗೆ ಹೊರಡಲೇಬೇಕು. ಬೀಗ ರಿಪೇರಿಯವನನ್ನು ಕರೆಯಪ್ಪಾ ಎಂದರೆ, “ನಾನಿಲ್ವಾ ಅತ್ತೆ, ಒಂದು ಮಿಷನ್ ತಂದು ಕುಯ್ದು ಬಿಸಾಕ್ತೀನಿ” ಎಂದು ಎದೆಯುಬ್ಬಿಸಿಕೊಂಡು ತಮ್ಮ ಅಂಗಡಿಗೆ ಬಂದವನು ಈ ಹೊತ್ತಿಗೂ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದಾನೆ.

ತಮ್ಮ ಸೇಲ್ಸ್‌ಮನ್ ಮಹಾಶಯರ ವಿದ್ವತ್ತನ್ನು ಅಳಿಯ ಫೋನಿನಲ್ಲಿ ನನಗೂ ಹಂಚುತ್ತಿದ್ದಾನೆ. ಉಜ್ಜಿ ಕತ್ತರಿಸುವ ಚಕ್ರ ಅಗ್ಗವಂತೆ, ಆದರೆ ಒಳಗೆ ನಿಂತ ನನ್ನ ಮೇಲೆ ಕಿಡಿ ಹಾರುತ್ತವಂತೆ. ಹಲ್ಲಿನ ಚಕ್ರಕ್ಕೆ ಕಿಡಿ ಕಡಿಮೆಯಂತೆ, ಬೆಲೆ ಮಾತ್ರ ಸುಡುತ್ತದಂತೆ. ನೆಲಕ್ಕೆ ಕೂರಿಸಿದ ಪಟ್ಟಿ ಗರಗಸ ಬೆಣ್ಣೆ ಕುಯ್ದ ಹಾಗೆ ಕುಯ್ಯುತ್ತದಂತೆ, ಆದರೆ ಗ್ರಿಲ್ಲನ್ನೇ ಕಿತ್ತು ಅದರ ಹತ್ತಿರ ಒಯ್ಯಬೇಕಂತೆ. ತೆಳು ಲೋಹಕ್ಕೆ ಒತ್ತೊತ್ತಾದ ಹಲ್ಲು, ದಪ್ಪಕ್ಕೆ ವಿರಳ ಹಲ್ಲು ಎಂಬ ಅವರ ಉಪದೇಶ ಕೇಳಿದ ಮೇಲಂತೂ, ನನ್ನ ಬಾಯಲ್ಲಿ ಉಳಿದಿರುವುದು ವಿರಳ ಹಲ್ಲುಗಳೇ ಆದ್ದರಿಂದ, ಕಿರುಬೆರಳಿನಷ್ಟು ದಪ್ಪದ ಆ ಬೀಗದ ಕೊಂಡಿಯನ್ನು ನಾನೇ ಒಮ್ಮೆ ಕಚ್ಚಿ ನೋಡಲೇ ಎಂಬ ಆಸೆ ಹುಟ್ಟಿದೆ.

ತಮ್ಮ ಯಂತ್ರಗಳ ಮೇಲೆ ನನಗೆ ಖಂಡಿತ ದೂರಿಲ್ಲ. ಆದರೆ ಬೆಳಗಿನಿಂದ ಕರೆಂಟಿಲ್ಲದೆ, ಎಣ್ಣೆಯಿಲ್ಲದೆ, ಬಿಸಿಯೂ ಆಗದೆ ಒಂದೇ ಸಮನೆ ಕುಯ್ಯುತ್ತಿರುವ ತಮ್ಮ ಸೇಲ್ಸ್‌ಮನ್ ಇರುವಾಗ ಬೇರೆ ಗರಗಸ ಯಾಕೆ ಬೇಕು ಸ್ವಾಮಿ? ದಯಮಾಡಿ ಅವರನ್ನೇ ಬಾಡಿಗೆಗೆ ಕಳಿಸಿಕೊಡಿ, ಬೀಗದ ಮುಂದೆ ಕೂರಿಸುತ್ತೇನೆ. ಅವರು ಮಾತು ಶುರು ಮಾಡಿದರೆ ಸಾಕು, ಕೊಂಡಿ ತಾನಾಗಿಯೇ ಬಿಚ್ಚಿಕೊಂಡು ಓಡಿಹೋದೀತು. ಅದಾಗದಿದ್ದರೆ ಸಂಜೆಯ ರೈಲಿನ ಚಾಲಕರನ್ನಾದರೂ ತಮ್ಮ ಅಂಗಡಿಗೆ ಕರೆಸಿಕೊಳ್ಳಿ. ನಿಮ್ಮವರು ಅವರನ್ನು ಒಮ್ಮೆ ಮಾತಿಗೆ ಹಿಡಿದರೆಂದರೆ ರೈಲು ಎಲ್ಲಿಗೂ ಹೋಗುವುದಿಲ್ಲ.

ಇಂತಿ ಸರಳುಗಳ ಹಿಂದಿನಿಂದ,
ತಮ್ಮ ವಿಶ್ವಾಸಿ,
ಬ್ಯಾಗು ಮಡಿಲಲ್ಲಿಟ್ಟುಕೊಂಡು ಕೂತಿರುವ ಅತ್ತೆ

ತಾ.ಕ.: ಗರಗಸ ಬಂತು, ರೈಲು ಹೋಯಿತು. ಗರಗಸದ ಪೆಟ್ಟಿಗೆಗೆ ತಾವು ಬಹಳ ಕಾಳಜಿಯಿಂದ ಕಬ್ಬಿಣದ ಪಟ್ಟಿ ಬಿಗಿಸಿದ್ದೀರಿ. ಅದನ್ನು ಕತ್ತರಿಸಲು ಯಾವ ಗರಗಸ ಒಳ್ಳೆಯದೆಂದು ಕೇಳಿಕೊಂಡು ಬರಲು ಅಳಿಯ ಮತ್ತೆ ತಮ್ಮಲ್ಲಿಗೇ ಹೊರಟಿದ್ದಾನೆ. ಈ ಪತ್ರವನ್ನೂ ಅವನ ಕೈಯಲ್ಲೇ ಕೊಟ್ಟಿದ್ದೇನೆ. ಕೈಮುಗಿದು ಕೇಳುತ್ತೇನೆ, ಅವನಿಗೆ ಸ್ಟೂಲು ಹಾಕಬೇಡಿ.